ರೈಲು ಹೋದ ದಾರಿಯಲ್ಲಿ ಸೈಕಲ್ಲು

ಇಲ್ಲಿ ಬರೆಯದೆ ಬಹಳ ದಿನಗಳಾದವು. ಮಾರ್ಚ್ ಕ್ಲೋಸಿಂಗ್ ಮುಗಿಯಿತು ಅನ್ನುವಷ್ಟರಲ್ಲಿ ಆಡಿಟ್, ಅದು ಮುಗಿಯುವಷ್ಟರಲ್ಲಿ ಇನ್ಸ್‌ಪೆಕ್ಷನ್. ಬ್ಯಾಂಕಿನವರಿಗೆ ಪುರುಸೊತ್ತು ಸಿಗುವುದು ರಿಟೈರ್ ಆದಮೇಲೆಯೇ ಅಂತ ಕಾಣುತ್ತದೆ. ನನಗದು ಇನ್ನೂ ಸ್ವಲ್ಪ ದೂರ ಇದೆ.

ಫ್ರಾನ್ಸಿಗೆ ಹೋಗಿ ಬಂದಿದ್ದನ್ನು ಬರೆಯಿರಿ ಅಂತ ಪುಣೆಯ ಕನ್ನಡದ ಗೆಳೆಯರು ಕೇಳುತ್ತಲೇ ಇದ್ದಾರೆ. ಕೇಳುವಾಗ ಅವರ ಕಣ್ಣ ಮುಂದೆ ಇರುವುದು ಐಫೆಲ್ ಟವರ್. ನಾವು ಪ್ಯಾರಿಸ್ ನೋಡಲೇ ಇಲ್ಲ ಅಂದರೆ ಸುಮ್ಮನೆ ನಮ್ಮ ಮುಖ ನೋಡುತ್ತಾರೆ. "ಮತ್ತೆ ಏನು ನೋಡಿದ್ರಿ?" ಅಂತ ಕೇಳಿದರೆ, "ರೈಲು ಇಲ್ಲದ ಒಂದು ರೈಲ್ವೆ ಲೈನು ನೋಡಿದ್ವಿ" ಅಂತ ನಮ್ಮವಳು ಉತ್ತರ ಕೊಡುತ್ತಾಳೆ. ಅವಳ ಮಾತು ಪೂರ್ತಿ ನಿಜ.

ಮಗ ತುಲೂಸಿನಲ್ಲಿದ್ದಾನೆ. ವಿಮಾನ ತಯಾರಿಸುವ ಊರು ಅದು, ಬೆಂಗಳೂರಿನಿಂದ ಹೋದ ಇಂಜಿನಿಯರುಗಳು ಅಲ್ಲಿ ಸಾಕಷ್ಟಿದ್ದಾರೆ. ಇವನು ಹೋಗಿ ಆರು ವರ್ಷವಾಯಿತು. ಪ್ರತಿ ವರ್ಷ "ಬನ್ನಿ ಬನ್ನಿ" ಅನ್ನುತ್ತಿದ್ದ. 2024ರ ಸೆಪ್ಟೆಂಬರಿನಲ್ಲಿ ಅಂತೂ ರಜೆ ಸಿಕ್ಕಿತು. ನಮ್ಮ ಎಲ್‌ಎಫ್‌ಸಿ ವಿದೇಶಕ್ಕೆ ನಡೆಯುವುದಿಲ್ಲ, ಹಾಗಾಗಿ ಕೈಯಿಂದ ಖರ್ಚು. ಬ್ಯಾಂಕಿನಿಂದ ಎನ್‌ಒಸಿ, ವೀಸಾ, ಇನ್ಶೂರೆನ್ಸು, ಒಂದು ಫೈಲೇ ಆಯಿತು. ಟಿಕೆಟ್ ಆದಮೇಲೆ ಮಗ ಮೆಲ್ಲಗೆ ಹೇಳಿದ, "ಅಪ್ಪಾ, ಐದು ದಿನ ಸೈಕಲ್ ಮೇಲೆ ಹೋಗೋಣ. ಅಮ್ಮನಿಗೆ ಬ್ಯಾಟರಿ ಸೈಕಲ್ ತಗೋತೀನಿ."

ನನಗೂ ಸೈಕಲ್ಲಿಗೂ ಹಳೆಯ ಲೆಕ್ಕ. ಸಾಗರದ ಕಡೆಯ ನಮ್ಮೂರಿನಲ್ಲಿ ತಾಸಿನ ಬಾಡಿಗೆಗೆ ಸೈಕಲ್ ತಂದು, ಕಾಲು ಎಟುಕದೆ ಒಳಪೆಡಲು ಹೊಡೆದು ಕಲಿತವನು ನಾನು. 1993ರಲ್ಲಿ ಪುಣೆಗೆ ಬಂದಾಗ ಇದು ಸೈಕಲ್ಲುಗಳ ಊರು ಅಂತಲೇ ಹೆಸರಾಗಿತ್ತು. ಬೆಳಗ್ಗೆ ಲಕ್ಷ್ಮೀ ರೋಡಿನಲ್ಲಿ ಸೀರೆಯುಟ್ಟ ಆಜ್ಜಿಯರೂ ಸೈಕಲ್ ಮೇಲೆ ಹೋಗುತ್ತಿದ್ದರು. ನಾನೂ ನಾಲ್ಕು ವರ್ಷ ಬ್ರಾಂಚಿಗೆ ಸೈಕಲ್ಲಿನಲ್ಲೇ ಹೋದೆ. ಆಮೇಲೆ ಸ್ಕೂಟರು, ಆಮೇಲೆ ಕಾರು, ಎಲ್ಲರ ಹಾಗೆ. ಸಾತಾರಾ ರಸ್ತೆಯಲ್ಲಿ ಈಗಲೂ ಸೈಕಲ್ ಟ್ರ್ಯಾಕ್ ಅಂತ ಒಂದಿದೆ. ಅದರ ಮೇಲೆ ವಡಾಪಾವ್ ಗಾಡಿ ಇದೆ, ನಿಲ್ಲಿಸಿದ ಬೈಕುಗಳಿವೆ, ಅವಸರದಲ್ಲಿರುವವರ ಬೈಕುಗಳೂ ಓಡುತ್ತವೆ. ಸೈಕಲ್ ಒಂದು ಬಿಟ್ಟು ಎಲ್ಲ ಇದೆ ಅನ್ನಿ.

ಈಗ ಫ್ರಾನ್ಸಿನ ವಿಷಯ. ಫ್ರೆಂಚರು ಇಂಥ ದಾರಿಗೆ 'ವುವಾ ವೆರ್ತ್' ಅನ್ನುತ್ತಾರೆ, ಹಸಿರು ದಾರಿ ಅಂತ ಅರ್ಥ. ಮೋಟಾರು ಗಾಡಿ ಬರುವಂತಿಲ್ಲ. ಸೈಕಲ್ಲು, ನಡೆಯುವವರು, ಕೆಲವು ಕಡೆ ಕುದುರೆ ಸವಾರರು, ಇಷ್ಟೇ. 2004ರಲ್ಲಿ ಅವರ ಸಂಚಾರ ನಿಯಮದಲ್ಲೇ ಇದಕ್ಕೊಂದು ವ್ಯಾಖ್ಯೆ ಸೇರಿಸಿದರು. ಅದಕ್ಕೂ ಮೊದಲೇ, 1997ರಲ್ಲಿ, ಬರ್ಗಂಡಿ ಪ್ರಾಂತ್ಯದಲ್ಲಿ ಜಿವ್ರಿಯಿಂದ ಕ್ಲೂನಿಯವರೆಗೆ 44 ಕಿಲೋಮೀಟರ್ ಹಳೆಯ ರೈಲು ದಾರಿಯನ್ನು ಹೀಗೆ ಮಾಡಿದ್ದರು. ಅಲ್ಲಿಂದ ಮುಂದೆ ಇದು ದೇಶದ ತುಂಬ ಹಬ್ಬಿತು. ಆ ಬರ್ಗಂಡಿಯ ದಾರಿಯ ಮುಂದುವರಿಕೆಯಲ್ಲಿ 1.6 ಕಿಲೋಮೀಟರ್ ಉದ್ದದ ಸುರಂಗವೊಂದಿದೆ. ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರಂತೆ, ಒಳಗೆ ಬಾವಲಿಗಳು ಮಲಗಿರುತ್ತವೆ ಅಂತ! ಬಾವಲಿಗೆ ತೊಂದರೆಯಾಗಬಾರದು ಅಂತ ದಾರಿ ಮುಚ್ಚುವ ಸರ್ಕಾರವನ್ನು ನಾನು ಕೇಳಿರಲಿಲ್ಲ.

ನಾವು ಹೋಗಿದ್ದು ದಕ್ಷಿಣಕ್ಕೆ, ಸ್ಪೇನಿನ ಗಡಿಯ ಪಿರನೀಸ್ ಪರ್ವತದ ತಪ್ಪಲಿಗೆ. ಅರಿಯೆಜ್ ಅಂತ ಜಿಲ್ಲೆ. ಅದರ ಮುಖ್ಯ ಊರು ಫ್ವಾದಿಂದ ಸ್ಯಾಂ ಜಿರೋಂ ಎಂಬ ಪೇಟೆಯವರೆಗೆ 42 ಕಿಲೋಮೀಟರ್ ಹಸಿರು ದಾರಿ. ಮೆಡಿಟರೇನಿಯನ್ ಕಡಲಿಂದ ಅಟ್ಲಾಂಟಿಕ್ ಕಡಲವರೆಗೆ ಪರ್ವತದ ಬುಡದಲ್ಲೇ ಹೋಗುವ 500 ಕಿಲೋಮೀಟರಿಗೂ ಹೆಚ್ಚಿನ ವಿ-81 ಎಂಬ ಸೈಕಲ್ ಮಾರ್ಗದ ತುಂಡು ಇದು. ಮಗ ಪೂರ್ತಿ ಮಾರ್ಗದ ನಕ್ಷೆ ತೋರಿಸಿದಾಗ ನಮ್ಮವಳು, "42 ಸಾಕು, ಉಳಿದಿದ್ದು ನಿನ್ನ ಮಕ್ಕಳ ಜೊತೆ ಮಾಡು" ಅಂದಳು. ಮದುವೆ ಮಾತು ತೆಗೆಯಲು ಅವಳಿಗೆ ಇಂಥದ್ದೇ ಸಂದರ್ಭ ಬೇಕು ಅಂತಿಲ್ಲ.

ತುಲೂಸಿನಿಂದ ಫ್ವಾಕ್ಕೆ ರೈಲು. ಸೈಕಲ್ಲುಗಳನ್ನು ಡಬ್ಬಿಯೊಳಗೇ ತಂದು ಕೊಕ್ಕೆಗೆ ನೇತು ಹಾಕಿದೆವು, ಯಾರೂ ಬೇರೆ ಟಿಕೆಟ್ ಕೇಳಲಿಲ್ಲ. ಫ್ವಾದಲ್ಲಿ ಇಳಿದು ತಲೆಯೆತ್ತಿದರೆ ಬಂಡೆಯ ಮೇಲೆ ಮೂರು ಗೋಪುರದ ಕೋಟೆ. ನಮ್ಮ ಚಿತ್ರದುರ್ಗದ ಪಕ್ಕ ಅದೊಂದು ಕೂಸು, ಆದರೆ ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತದೆ.

ರೈಲು ದಾರಿಯ ಗುಣ ಏನು ಗೊತ್ತೇ? ಉಗಿಬಂಡಿಗೆ ಕಡಿದಾದ ಏರು ಆಗುವುದಿಲ್ಲ. ಹಾಗಾಗಿ ಇಂಜಿನಿಯರುಗಳು ಗುಡ್ಡ ಕಡಿದು, ಕಣಿವೆ ತುಂಬಿ, ಸುರಂಗ ಕೊರೆದು, ಏರನ್ನು ಸಾಧ್ಯವಾದಷ್ಟು ಸಣ್ಣದು ಮಾಡಿರುತ್ತಾರೆ. ಒಂದು ಶತಮಾನದ ಹಿಂದೆ ಉಗಿಬಂಡಿಗಾಗಿ ಮಾಡಿದ ಆ ಕೆಲಸದ ಲಾಭ ಇವತ್ತು ನನ್ನ ಐವತ್ತೇಳು ವರ್ಷದ ಮಂಡಿಗೆ! ಫ್ವಾದಿಂದ ಹೊರಟರೆ ಸುಮಾರು ಮೊದಲ ಮೂರನೇ ಒಂದು ಭಾಗ ಏರೇ. ಆದರೆ ಏರು ಅಂತ ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಇಳಿತ, ಪೆಡಲ್ ತುಳಿಯುವುದೇ ಬೇಡ ಅನ್ನುವಂಥ ಉದ್ದನೆಯ ಇಳಿತ. ಎರಡೂ ಬದಿಗೆ ಓಕ್ ಮರ, ಚೆಸ್ಟ್‌ನಟ್ ಮರ, ದರೆಯ ತುಂಬ ಜರಿಗಿಡ. ಗಟ್ಟಿಯಾಗಿ ಒತ್ತಿದ ಜಲ್ಲಿಪುಡಿಯ ದಾರಿಯ ಮೇಲೆ ಟೈರು 'ಸರ್ರ್' ಅನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಬ್ಯಾಟರಿ ಸೈಕಲ್ಲಿನ ನಮ್ಮವಳು ಏರಿನಲ್ಲಿ ನಮ್ಮಿಬ್ಬರನ್ನೂ ಹಿಂದೆ ಹಾಕಿ, ತಿರುವಿನಲ್ಲಿ ನಿಂತು ಕಾಯುತ್ತಿದ್ದಳು. ದಾವಣಗೆರೆಯಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲಿ ಹೋದಮೇಲೆ ಅವಳು ಹ್ಯಾಂಡಲ್ ಹಿಡಿದದ್ದು ಇದೇ ಮೊದಲು. ಮೂವತ್ತೈದು ವರ್ಷ!

ದಾರಿಯುದ್ದಕ್ಕೂ ಹಳೆಯ ಸ್ಟೇಷನ್ನುಗಳು ಸಿಗುತ್ತವೆ. ಕೆಲವು ಈಗ ಮನೆಗಳು, ಪ್ಲಾಟ್‌ಫಾರ್ಮ್ ಇದ್ದಲ್ಲಿ ಟೊಮೆಟೊ ಗಿಡ, ಬಟ್ಟೆ ಒಣಗಿಸುವ ಹಗ್ಗ. ಲೆವೆಲ್ ಕ್ರಾಸಿಂಗಿನ ಗೇಟ್‌ಕೀಪರ್ ಮನೆಗಳೂ ಹಾಗೆಯೇ. ಕಳೆದ ಶತಮಾನದ ಆರಂಭದಲ್ಲಿ ಹಾಕಿದ ಲೈನು ಇದು. ಬಸ್ಸು ಲಾರಿ ಬಂದವು, ಜನ ಕಡಿಮೆಯಾದರು, ಶತಮಾನದ ನಡುವಿನ ಹೊತ್ತಿಗೆ ರೈಲು ನಿಂತಿತು, ಕಂಬಿ ಕಿತ್ತರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ರೈಟ್-ಆಫ್ ಮಾಡಿದ ಆಸ್ತಿ, ಪುಸ್ತಕದಲ್ಲಿ ಬೆಲೆ ಸೊನ್ನೆ. ಅಂಥದ್ದರಿಂದ ಇಷ್ಟು ಜನರಿಗೆ ಇಷ್ಟು ವರ್ಷ ಆದಾಯ ಬರುತ್ತಿರುವುದನ್ನು ನಾನು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ನೋಡಿಲ್ಲ.

ಮೊದಲ ರಾತ್ರಿ ಉಳಿದದ್ದು ಲಾ ಬಾಸ್ತಿದ್ ದ ಸೆರು ಎಂಬ ಹಳ್ಳಿಯಲ್ಲಿ. ಮೆರೆನ್ಸ್ ಎಂಬ ಈ ಸೀಮೆಯ ಕಪ್ಪು ಬೆಟ್ಟದ ಕುದುರೆಗೆ ಇಲ್ಲೇ ರಾಷ್ಟ್ರೀಯ ಕೇಂದ್ರವಿದೆ. ಹಳ್ಳಿಯ ಹಳೆಯ ಧಾನ್ಯದ ಮಂಟಪದಲ್ಲಿ ಕಾಳು ಅಳೆಯುವ ಅಳತೆಗಳನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಸೇರು, ಪಾವು, ಕೊಳಗ ನೋಡಿ ಬೆಳೆದವನಿಗೆ ಯಾರೂ ವಿವರಿಸುವುದು ಬೇಕಾಗಲಿಲ್ಲ.

ಊಟದ ವಿಷಯ ಕೇಳುತ್ತೀರಿ ಅಂತ ಗೊತ್ತು. ಮಾಂಸ ತಿನ್ನದವರಿಗೆ ಈ ಸೀಮೆಯಲ್ಲಿ ಬ್ರೆಡ್ಡು, ಚೀಸು, ಟೊಮೆಟೊ, ಮೊಟ್ಟೆಯ ಆಮ್ಲೆಟ್, ಕ್ರೂಸ್ತಾದ್ ಎಂಬ ಸೇಬಿನ ಹೂರಣದ ಪದರು ಪದರಾದ ತಿಂಡಿ. ಬೆತ್ಮಾಲ್ ಎಂಬ ಇಲ್ಲಿಯದೇ ಚೀಸು ಚೆನ್ನಾಗಿದೆ. ಮಧ್ಯಾಹ್ನ ಹನ್ನೆರಡಾಯಿತೆಂದರೆ ಅಂಗಡಿಗಳಿಗೆ ಬಾಗಿಲು, ಎರಡು ಗಂಟೆಯವರೆಗೆ ಹಳ್ಳಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಸೋಮವಾರ ಎಷ್ಟೋ ಅಂಗಡಿಗಳು ತೆರೆಯುವುದೇ ಇಲ್ಲ. ನಮ್ಮವಳ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇದ್ದದ್ದರಿಂದ ಬದುಕಿದೆವು. ನೀರಿಗೆ ಮಗ ಒಂದು ಉಪಾಯ ಹೇಳಿಕೊಟ್ಟ. ಫ್ರಾನ್ಸಿನಲ್ಲಿ ಯಾವ ಹಳ್ಳಿಯ ಸ್ಮಶಾನಕ್ಕೆ ಹೋದರೂ ಹೂಗಿಡಕ್ಕೆ ಹಾಕಲು ನಲ್ಲಿ ಇರುತ್ತದೆ, ಸೈಕಲ್ಲಿನವರೆಲ್ಲ ಬಾಟಲಿ ತುಂಬುವುದು ಅಲ್ಲೇ. "ಸ್ಮಶಾನದ ನೀರು ಕುಡೀಬೇಕೇನೋ?" ಅಂತ ಮೊದಲ ದಿನ ಕೇಳಿದವಳು, ಮೂರನೇ ದಿನ ತಾನೇ "ಅಲ್ಲಿ ಚರ್ಚಿನ ಗೋಪುರ ಕಾಣ್ತಿದೆ, ಸ್ಮಶಾನ ಇರತ್ತೆ ನೋಡು" ಅನ್ನತೊಡಗಿದಳು.

ಹಸಿರು ದಾರಿ ಬಿಟ್ಟು ಅಕ್ಕಪಕ್ಕದ ಹಳ್ಳಿಗೆ ಹೋಗಬೇಕಾದರೆ ಸಣ್ಣ ಡಾಂಬರು ರಸ್ತೆಗಳಿವೆ. ಮಿಶೆಲಿನ್ ನಕ್ಷೆಯಲ್ಲಿ ದೊಡ್ಡ ರಸ್ತೆ ಕೆಂಪು, ಅದಕ್ಕಿಂತ ಸಣ್ಣದು ಹಳದಿ, ತೀರಾ ಸಣ್ಣದು ಬಿಳಿ. ಸೈಕಲ್ಲಿಗೆ ಬಿಳಿಯದು. ಅರ್ಧ ತಾಸಿಗೊಂದು ಕಾರು ಬಂದರೆ ಹೆಚ್ಚು. ಬಂದ ಕಾರೂ ಹಾರ್ನ್ ಹೊಡೆಯದೆ ನಮ್ಮ ಹಿಂದೆಯೇ ನಿಧಾನವಾಗಿ ಬಂದು, ದಾರಿ ಅಗಲವಾದ ಮೇಲೆ ದೂರ ಸರಿದು ಹೋಗುತ್ತದೆ. ಊರ ಹೊರಗೆ ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಅಲ್ಲಿ ಕಾನೂನೇ ಇದೆ. ಮೊದಲ ಸಲ ಹೀಗಾದಾಗ, ಹಿಂದಿನ ಕಾರಿನವನು ಬೈಯಲು ಹೊಂಚು ಹಾಕುತ್ತಿದ್ದಾನೆ ಅಂತಲೇ ನನ್ನ ಪುಣೆಯ ಬೆನ್ನಿಗೆ ಅನ್ನಿಸಿತು.

ಎರಡು ದಿನ ಇದೆಲ್ಲ ಸ್ವರ್ಗ ಅನ್ನಿಸಿತು. ಮೂರನೇ ದಿನದಿಂದ ನನಗೆ ಬೇರೇನೋ ಕಾಣತೊಡಗಿತು.

ಮುಚ್ಚಿದ ಕಿಟಕಿಗಳು. ಹಳ್ಳಿಗೆ ಹಳ್ಳಿಯೇ ಅಂದಹಾಗೆ ಮರದ ಕಿಟಕಿ ಬಾಗಿಲು ಎಳೆದುಕೊಂಡ ಮನೆಗಳು. ಶಾಲೆ ಅಂತ ಕಲ್ಲಿನಲ್ಲಿ ಕೆತ್ತಿದ ಕಟ್ಟಡದಲ್ಲಿ ಮಕ್ಕಳಿಲ್ಲ. ಚರ್ಚಿನ ಪಕ್ಕ ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಹೆಸರಿನ ಕಲ್ಲು, ಅದಿಲ್ಲದ ಹಳ್ಳಿಯೇ ಇಲ್ಲ. ಮೂವತ್ತು ಮನೆ ಇರಬಹುದಾದ ಊರಿನ ಕಲ್ಲಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಹೆಸರು, ಅದರಲ್ಲಿ ಒಂದೇ ಮನೆತನದ ಹೆಸರು ಮೂರು ಸಲ. ಹಸಿರು ದಾರಿಯ ಮೇಲ್ಭಾಗದ ಗುಡ್ಡದಲ್ಲಿ ರಿಮೋಂ ಅಂತ ಊರಿದೆ. 1944ರ ಆಗಸ್ಟ್ 21ರಂದು ಹಿಮ್ಮೆಟ್ಟುತ್ತಿದ್ದ ಜರ್ಮನ್ ಪಡೆ ಆ ಊರಿಗೆ ಬೆಂಕಿ ಇಟ್ಟಿತು. ಈಗಿರುವುದು ಯುದ್ಧವಾದಮೇಲೆ ಮತ್ತೆ ಕಟ್ಟಿದ ಊರು.

ಯುದ್ಧಕ್ಕಿಂತ ಹೆಚ್ಚು ಜನರನ್ನು ಖಾಲಿ ಮಾಡಿದ್ದು ಬಡತನ. 1846ರ ಜನಗಣತಿಯಲ್ಲಿ ಅರಿಯೆಜ್ ಜಿಲ್ಲೆಯಲ್ಲಿ ಸುಮಾರು 2,70,000 ಜನರಿದ್ದರು. ಈಗ ಒಂದೂವರೆ ಲಕ್ಷದ ಆಸುಪಾಸು. ನೂರೆಂಬತ್ತು ವರ್ಷದಲ್ಲಿ ಜನ ಕಡಿಮೆಯಾಗಿರುವ ಜಿಲ್ಲೆಯನ್ನು ನಮ್ಮ ಕಡೆ ಹುಡುಕಿ ನೋಡಿ! ಇಳಿಜಾರಿನ ತುಂಡು ಹೊಲ, ಆಲೂಗಡ್ಡೆ, ನಾಲ್ಕು ಕುರಿ, ಮನೆ ತುಂಬ ಮಕ್ಕಳು. ತುಲೂಸಿಗೆ ಹೋದರು, ಪ್ಯಾರಿಸಿಗೆ ಹೋದರು, ಕಡಲು ದಾಟಿದರು. ನಾವು ಅಷ್ಟು ಸುಖವಾಗಿ ಸೈಕಲ್ ತುಳಿದ ಆ ಕಾರಿಲ್ಲದ ದಾರಿ ಇದೆಯಲ್ಲ, ಅದು ಒಳ್ಳೆಯ ಯೋಜನೆಯಿಂದ ಮಾತ್ರ ಆದದ್ದಲ್ಲ. ಕಾರು ಓಡಿಸಬೇಕಾದವರ ಅಜ್ಜಂದಿರೇ ಊರು ಬಿಟ್ಟಿದ್ದರು.

ಪೂರ್ತಿ ಖಾಲಿ ಅಂತಲೂ ಅಲ್ಲ. ಶನಿವಾರ ಸ್ಯಾಂ ಜಿರೋಂನಲ್ಲಿ ಸಲಾ ನದಿಯ ದಂಡೆಯ ಸಾಲುಮರದ ಕೆಳಗೆ ದೊಡ್ಡ ಸಂತೆ. 1970ರ ದಶಕದಿಂದ ಪೇಟೆ ಬಿಟ್ಟು ಇಲ್ಲಿ ಬಂದು ನೆಲೆಸಿದವರು ಬಹಳ ಜನರಿದ್ದಾರೆ. ಜಡೆಗಟ್ಟಿದ ಕೂದಲಿನ ಒಬ್ಬ ಗಡ್ಡದವನು ಜೇನು ಮಾರುತ್ತಿದ್ದ, ಪಕ್ಕದಲ್ಲಿ ಬೆರೆ ಟೋಪಿ ಹಾಕಿದ ಹಳೆಯ ರೈತನೊಬ್ಬ ಬೆಳ್ಳುಳ್ಳಿ ಮಾರುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಮೂಲನಿವಾಸಿ–ವಲಸೆಗಾರ ಅನ್ನುವುದು ಎಲ್ಲ ಸಂತೆಯಲ್ಲೂ ಇದ್ದದ್ದೇ. ಮೂವತ್ತು ವರ್ಷ ಮಂಡಈಯಲ್ಲಿ ತರಕಾರಿ ಕೊಂಡ ನನಗೆ ಅದು ಬೇಗ ಗೊತ್ತಾಗುತ್ತದೆ.

ಭಾನುವಾರ ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಪರ್ವತದ ಒಳಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ಹೋದೆವು. ಇದು ಹಸಿರು ದಾರಿಯಲ್ಲ, ನದಿಯ ಜೊತೆ ಹೋಗುವ ರಸ್ತೆ. ಅಲ್ಲಲ್ಲಿ ಡಾಂಬರಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಕರಡಿ ಬೇಡ' ಅಂತ ಬಣ್ಣದಲ್ಲಿ ಬರೆದಿದ್ದರು. 1996ರಿಂದ ಸ್ಲೊವೇನಿಯಾದ ಕರಡಿಗಳನ್ನು ತಂದು ಪಿರನೀಸಿನಲ್ಲಿ ಬಿಟ್ಟಿದ್ದಾರೆ. ಈಗ ಎಂಬತ್ತಕ್ಕೂ ಹೆಚ್ಚಾಗಿವೆ, ಕುರಿ ಸಾಕುವವರಿಗೆ ಸಿಟ್ಟು. ಆದರೆ ಒಂದು ಕಾಲಕ್ಕೆ ಈ ಕಣಿವೆಯ ಹೊಟ್ಟೆ ಹೊರೆದದ್ದೇ ಕರಡಿ.

ನಾವು ಹೋಗಿದ್ದು ಗಾರ್ಬೆ ಕಣಿವೆಯ ಎರ್ಸೆ ಎಂಬ ಹಳ್ಳಿಗೆ. ಮಗ ಮೊದಲೇ ಫೋನ್ ಮಾಡಿ ವಿಚಾರಿಸಿದ್ದ. ಅಲ್ಲಿ ಕರಡಿ ಆಡಿಸುವವರ ಬಗ್ಗೆ ಒಂದು ಸಣ್ಣ ಪ್ರದರ್ಶನವಿದೆ. ನಮ್ಮೂರಿಗೂ ಹಿಂದೆ ಕರಡಿ ಆಡಿಸುವವರು ಬರುತ್ತಿದ್ದರಲ್ಲ, ಹಾಗೆಯೇ. ಹತ್ತೊಂಬತ್ತನೇ ಶತಮಾನದಲ್ಲಿ ಎರ್ಸೆ, ಉಸ್ತು ಮೊದಲಾದ ಹಳ್ಳಿಗಳ ಹುಡುಗರು ಕರಡಿ ಮರಿ ಹಿಡಿದು, ಪಳಗಿಸಿ, ಮೂಗಿಗೆ ಉಂಗುರ ಹಾಕಿ, ನಡೆದುಕೊಂಡೇ ಯುರೋಪಿನ ದೇಶ ದೇಶ ತಿರುಗಿದರು. ಹಡಗು ಹತ್ತಿ ಅಮೆರಿಕಕ್ಕೂ ಹೋದರು. ಮುಂದೆ ಅವರ ಹಿಂದೆ ಹೋದವರು ಕರಡಿ ಬಿಟ್ಟು ನ್ಯೂಯಾರ್ಕಿನ ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ಬಡಿಸಿದರು, ಅಡುಗೆ ಕಲಿತರು. ಒಬ್ಬ ಹೋದ, ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವನನ್ನು ಕರೆಸಿಕೊಂಡ. ಸೆಂಟ್ರಲ್ ಪಾರ್ಕಿನಲ್ಲಿ ಅವರೆಲ್ಲ ಸೇರುತ್ತಿದ್ದ ಒಂದು ಬಂಡೆಗೆ 'ಎರ್ಸೆ ಬಂಡೆ' ಅಂತಲೇ ಹೆಸರು ಬಿತ್ತು.

ಮಗ ಇದನ್ನು ಫ್ರೆಂಚಿನಿಂದ ಕನ್ನಡ ಮಾಡಿ ಹೇಳುತ್ತಿದ್ದರೆ ನಾನೂ ನಮ್ಮವಳೂ ಮುಖ ಮುಖ ನೋಡಿಕೊಂಡೆವು. ಉಡುಪಿ, ಕುಂದಾಪುರದ ಕಡೆಯಿಂದ ಮುಂಬೈ ಪುಣೆಗೆ ಬಂದು, ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಕಡೆಗೆ ಹೋಟೆಲ್ ಇಟ್ಟವರು ನಮ್ಮ ಬ್ರಾಂಚಿನಲ್ಲಿ ಎಷ್ಟು ಜನ ಖಾತೆದಾರರಿದ್ದಾರೋ! ಅವರ ಊರಿನ ಮನೆಗಳಿಗೂ ಕಿಟಕಿ ಮುಚ್ಚಿದೆ. ಕೋಲಕ್ಕೋ ಜಾತ್ರೆಗೋ ವರ್ಷಕ್ಕೊಮ್ಮೆ ತೆರೆಯುತ್ತಾರೆ.

ಅಲ್ಲಿದ್ದ ವಯಸ್ಸಾದ ಹೆಂಗಸು ನಮ್ಮನ್ನು ನೋಡಿ, ಎಲ್ಲಿಯವರು ಅಂತ ಕೇಳಿದರು. ಮಗ "ತುಲೂಸ್" ಅಂದ. ನಮ್ಮವಳು ಅಷ್ಟು ಅರ್ಥ ಮಾಡಿಕೊಂಡು "ಪುಣೆ" ಅಂದಳು. ನಾನು ಯಾಕೋ "ಸಾಗರ" ಅಂದೆ. ಆಯಮ್ಮ ಮೂವರನ್ನೂ ನೋಡಿ ನಕ್ಕು, ತನ್ನ ಚಿಕ್ಕಪ್ಪ ನ್ಯೂಯಾರ್ಕಿನಲ್ಲೇ ತೀರಿಕೊಂಡ ಅಂತ ಹೇಳಿದರು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಳ್ಳುವಾಗ ಮಗ ಹೇಳಿದ, "ಅಪ್ಪಾ, ನಾನು ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕೋಣ ಅಂತಿದೀನಿ." ಅವನು ಇದಕ್ಕೇ ಐದು ದಿನದಿಂದ ಜಾಗ ಹುಡುಕುತ್ತಿದ್ದ ಅಂತ ನನಗೆ ಆಗ ಹೊಳೆಯಿತು. ಫ್ರೆಂಚ್ ಪಾಸ್‌ಪೋರ್ಟ್ ಬಂದರೆ ನಮ್ಮದು ಒಪ್ಪಿಸಬೇಕು, ನಮ್ಮ ದೇಶದಲ್ಲಿ ಎರಡು ಪೌರತ್ವ ನಡೆಯುವುದಿಲ್ಲ. ಓಸಿಐ ಕಾರ್ಡ್ ಸಿಗುತ್ತದೆ, ಬರುವುದಕ್ಕೆ ಹೋಗುವುದಕ್ಕೆ ತೊಂದರೆಯಿಲ್ಲ, ಆದರೆ ಹೊಲ ತೋಟ ಕೊಳ್ಳುವ ಹಾಗಿಲ್ಲ. ವಂಶದಿಂದ ಬಂದರೆ ಇಟ್ಟುಕೊಳ್ಳಬಹುದು. ಇದೆಲ್ಲ ನನಗೆ ಬಾಯಿಪಾಠ, ಎಷ್ಟು ಗ್ರಾಹಕರಿಗೆ ಹೇಳಿಲ್ಲ! ಅದನ್ನೇ ಅವನಿಗೂ ಹೇಳಿದೆ, ಕೌಂಟರಿನಲ್ಲಿ ಕೂತವನ ಹಾಗೆ. ನಮ್ಮವಳು ಏನೂ ಹೇಳದೆ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಳು. ಆಮೇಲೆ "ಮಳೆ ಬರೋ ಹಾಗಿದೆ, ಹೊರಡೋಣ" ಅಂದಳು. ಮೋಡವೇನೋ ಇತ್ತು, ಆದರೆ ಮಳೆ ಬರಲಿಲ್ಲ.

ಪುಣೆಯಲ್ಲಿ ನೌಕರಿ ಸಿಕ್ಕಿತು ಅಂತ ನಾನು ಹೇಳಿದ ದಿನ ನನ್ನ ಅಪ್ಪ ಅಡಿಕೆ ಸುಲಿಯುತ್ತಿದ್ದರು. "ಎಷ್ಟು ದೂರ?" ಅಂತ ಕೇಳಿದರು, "ರಾತ್ರಿ ಬಸ್ಸು ಇದ್ಯಾ?" ಅಂತ ಕೇಳಿದರು. ಇನ್ನೇನೂ ಕೇಳಲಿಲ್ಲ. ಅವರೇ ಒಂದು ಊರು ಬಿಟ್ಟು ಬಂದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಹಳೆಯ ಮನೆ, ಗದ್ದೆ ಎಲ್ಲ ನೀರಿಗೆ ಹೋಯಿತು. ಆ ಸೀಮೆಯ ಹಳೆಯ ದಾರಿಗಳು ಇವತ್ತೂ ಇಳಿಯುತ್ತಾ ಇಳಿಯುತ್ತಾ ನೀರಿನೊಳಗೆ ಹೋಗುತ್ತವೆ. ಬೇಸಿಗೆಯಲ್ಲಿ ನೀರು ಇಳಿದರೆ ಇನ್ನೊಂದಿಷ್ಟು ದೂರ ಕಾಣುತ್ತವೆ. ಕಾರಿಲ್ಲದ ದಾರಿ ಅಂದರೆ ಅದೂ ಒಂದು. ಚಿಕ್ಕವನಿದ್ದಾಗ ಅಲ್ಲಿ ಸೈಕಲ್ ಹೊಡೆದು, ನೀರು ಮುಂಗಾಲಿಗೆ ತಾಗುವವರೆಗೆ ಹೋಗಿ ನಿಲ್ಲುತ್ತಿದ್ದೆವು.

ಸೋಮವಾರ 42 ಕಿಲೋಮೀಟರನ್ನೂ ಒಂದೇ ದಿನದಲ್ಲಿ ವಾಪಸ್ ತುಳಿದು ಫ್ವಾ ಸೇರಿದೆವು. ಅಪ್ಪ ಮಗ ಪಕ್ಕಪಕ್ಕದಲ್ಲೇ ಸೈಕಲ್ ಹೊಡೆದೆವು, ಹಿಂದೆ ಯಾವ ಗಾಡಿಯೂ ಬರುವುದಿಲ್ಲವಲ್ಲ. ಪೌರತ್ವದ ವಿಷಯ ಬಿಟ್ಟು ಬೇಕಾದಷ್ಟು ಮಾತಾಡಿದೆವು. ಸುರಂಗದ ತಂಪಿನಲ್ಲಿ ಅವನು ಚಿಕ್ಕವನಿದ್ದಾಗಿನ ಹಾಗೆ "ಹೋ" ಅಂತ ಕೂಗಿ ಪ್ರತಿಧ್ವನಿ ಕೇಳಿದ. ನಮ್ಮವಳೂ ಕೂಗಿದಳು.

ಹೋಗುವವರಿಗೆ: ಮೇ–ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜುಲೈ–ಆಗಸ್ಟಿನಲ್ಲಿ ಫ್ರೆಂಚರಿಗೇ ರಜೆ, ಉಳಿಯಲು ಜಾಗ ಸಿಗುವುದು ಕಷ್ಟ. ಅಗಲ ಟೈರಿನ ಸೈಕಲ್ ತೆಗೆದುಕೊಳ್ಳಿ. ಭಾನುವಾರ ಸೋಮವಾರಕ್ಕೆ ಬೇಕಾದ ಬ್ರೆಡ್ಡನ್ನು ಶನಿವಾರವೇ ಕೊಂಡಿಡಿ. 'ಅಕ್ಕೇಯ್ ವೆಲೊ' ಎಂಬ ಹಸಿರು ಫಲಕವಿರುವ ವಸತಿಗಳಲ್ಲಿ ಸೈಕಲ್ ಭದ್ರವಾಗಿ ಇಡಲು ಜಾಗ ಇರುತ್ತದೆ. ಮಂಡಿ ನೋವಿರುವವರು ನಾಚಿಕೆ ಬಿಟ್ಟು ಬ್ಯಾಟರಿ ಸೈಕಲ್ ತೆಗೆದುಕೊಳ್ಳುವುದು ಲೇಸು.

ಊರಿನಿಂದ ಅಣ್ಣ ಫೋನ್ ಮಾಡಿದ್ದ. "ಎಂತ ಮಾರಾಯ, ಅಷ್ಟು ದುಡ್ಡು ಕೊಟ್ಟು ಹೋಗಿ ಸೈಕಲ್ ಹೊಡ್ದು ಬಂದ್ಯಂತೆ?" ಅಂತ ನಕ್ಕ. ತಾಳಗುಪ್ಪದ ರೈಲು ಬ್ರಾಡ್‌ಗೇಜ್ ಆದಮೇಲೆ ಬೆಂಗಳೂರಿಂದ ಸೀದಾ ಬರಬಹುದು, 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆಯೂ ಆಯಿತು, ಲಾಂಚಿಗೆ ಕಾಯುವುದು ಬೇಡ, ಭಾನುವಾರ ಬಂತೆಂದರೆ ಕಾರೋ ಕಾರು ಅಂದ. ತೋಟದ ಪಾಲಿನ ಕಾಗದಕ್ಕೆ ಯಾವಾಗ ಬಂದು ಸಹಿ ಹಾಕುತ್ತೀಯ ಅಂತ ಕೇಳಿದ. ದೀಪಾವಳಿಗೆ ಬರುತ್ತೇನೆ ಅಂದಿದ್ದೇನೆ. ಮಗನ ಹೆಸರನ್ನು ಅದರಲ್ಲಿ ಸೇರಿಸುವುದೋ ಬೇಡವೋ ಅಂತಲೂ ಕೇಳಿದ. ಸೇರಿಸು ಅಂದೆ.